ಸ್ವಂತ ಸರ್ವರ್‌ಗೆ ಒಂದು ದಿನದ ರಜೆ

ನನ್ನ ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ವರ್ಷವೇ ನಾನು ಸರ್ವರ್‌ಗಳ ಬಗ್ಗೆ ಓದಲು ಶುರುಮಾಡಿದ್ದು. ಕುತ್ತಿಗೆಗೂ ಸರ್ವರ್‌ಗೂ ಏನಪ್ಪಾ ಸಂಬಂಧ ಎಂದು ಕೇಳಬಹುದು. ನಮ್ಮ ಮನೆಯಲ್ಲೂ ಎಲ್ಲರೂ ಅದನ್ನೇ ಕೇಳಿದರು.

ಅವಳು ಹಾಡು ಹೇಳಿಕೊಡುವವಳು. ಕಛೇರಿ ಸಂಗೀತವಲ್ಲ, ಸಂಪ್ರದಾಯದ ಹಾಡುಗಳು. ಹಸೆಗೆ ಕರೆಯುವ ಹಾಡು, ತೊಟ್ಟಿಲ ಹಾಡು, ಬೀಗರನ್ನು ಛೇಡಿಸುವ ಹಾಡು, ಆರತಿ ಹಾಡು, ಹೀಗೆ. ಎಲ್ಲ ಅವಳ ಅಜ್ಜಿಯ ಬಾಯಿಂದ ಬಂದವು. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಅಕ್ಕಪಕ್ಕದ ಬಡಾವಣೆಗಳ ಹೆಂಗಸರೆಲ್ಲ ಸೇರುತ್ತಿದ್ದರು. ಆ ಹೊತ್ತಿಗೆ ಮನೆಯಲ್ಲಿ ನನಗೆ ಕೂರಲು ಜಾಗ ಇರುತ್ತಿರಲಿಲ್ಲ. ನಿವೃತ್ತನಾದ ಗಂಡಸಿಗೆ ಜಾಗ ಇರುವುದೇ ಕಡಿಮೆ, ಅದು ಬೇರೆ ವಿಷಯ.

ಗಂಟು ಕೆಟ್ಟದ್ದಲ್ಲ, ಆದರೆ ತೆಗೆಸಿಬಿಡುವುದು ಒಳ್ಳೆಯದು ಎಂದರು ಡಾಕ್ಟರು. ದನಿಯ ನರ ಅದರ ಮಗ್ಗುಲಲ್ಲೇ ಹಾದುಹೋಗುತ್ತದಂತೆ. ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಕೆಲವರಿಗೆ ಮಾತ್ರ ದನಿ ಬದಲಾಗಬಹುದು ಎಂದರು. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅವಳು ಕುರುಬರಹಳ್ಳಿ ದಾಟುವತನಕ ಸೆರಗನ್ನು ಕುತ್ತಿಗೆಗೆ ಸುತ್ತಿ ಹಿಡಿದು ಕೂತಿದ್ದಳು. ಆಮೇಲೆ, "ಇರೋ ಹಾಡನ್ನೆಲ್ಲ ರೆಕಾರ್ಡ್ ಮಾಡಿಸಿಟ್ಬಿಡ್ತೀನಿ ಕಣ್ರೀ. ನಾಳೆ ನನ್ ಗಂಟ್ಲು ಕೈಕೊಟ್ರೆ ಇವ್ರಿಗೆಲ್ಲ ಯಾರು ಹೇಳ್ಕೊಡ್ತಾರೆ?" ಎಂದಳು.

ರೆಕಾರ್ಡ್ ಮಾಡಿದ್ದು ಅವಳ ತಂಗಿಯ ಮಗಳು. ಕಂಪ್ಯೂಟರ್ ಕೆಲಸದಲ್ಲಿರುವವಳು, ಮದುವೆಯಾಗಿ ಚಂದ್ರಾ ಲೇಔಟಿನಲ್ಲಿದ್ದಾಳೆ. ವಾರದ ಕೊನೆಗೆ ಬಂದು, ಕಿಟಕಿಗೆಲ್ಲ ದುಪ್ಪಟಿ ಕಟ್ಟಿ, ಪ್ರೆಶರ್ ಕುಕ್ಕರ್ ಕೂಗಿಸಬಾರದೆಂದು ನನಗೆ ಕಟ್ಟಪ್ಪಣೆ ಮಾಡಿ, ತನ್ನ ದೊಡ್ಡಮ್ಮನ ಹಾಡುಗಳನ್ನು ಒಂದೊಂದಾಗಿ ತನ್ನ ಲ್ಯಾಪ್‌ಟಾಪಿಗೆ ತುಂಬಿಸಿಕೊಂಡಳು. ವೀಡಿಯೊ ಹಾಕುವ ಜಾಗಗಳಿಗೆ ಬಿಟ್ಟಿಯಾಗಿ ಏರಿಸಿಬಿಡೋಣ ಎಂದಳು. ನನ್ನ ಹೆಂಡತಿ ಒಪ್ಪಲಿಲ್ಲ. "ಆರತಿ ಎತ್ತೋ ಹೊತ್ತಿಗೆ ಮಧ್ಯದಲ್ಲಿ ಬನಿಯನ್ ಜಾಹೀರಾತು ಬರತ್ತೆ, ಬೇಡಮ್ಮ" ಎಂದಳು. ಹಾಗಾಗಿ ಶಿಷ್ಯೆಯರು ಮಾತ್ರ ಒಳಗೆ ಬಂದು ಕೇಳುವಂಥ ಒಂದು ಸಣ್ಣ ವೆಬ್‌ಸೈಟು ಎಂದಾಯಿತು. ಅದನ್ನು ಕಟ್ಟುವುದು ಹುಡುಗಿಯ ಕೆಲಸ. ಅದನ್ನು ಯಾವ ಸರ್ವರ್‌ನಲ್ಲಿ ಇಡಬೇಕು ಎಂಬ ಒಂದೇ ಒಂದು ತೀರ್ಮಾನ ಬಾಕಿ ಇತ್ತು. ಅದನ್ನು ನಾನು ವಹಿಸಿಕೊಂಡೆ. ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂತಾರಲ್ಲ, ಹಾಗೆ.

ಹುಡುಗಿ ನನಗೆ ಪಾಠ ಮಾಡಿದಳು. "ನೋಡಿ ದೊಡ್ಡಪ್ಪ, ಒಂದು ದೊಡ್ಡ ಮಿಷಿನ್ ಇರತ್ತೆ. ಅದನ್ನ ಒಳಗೊಳಗೇ ಪಾಲು ಮಾಡಿ ಹತ್ತಾರು ಜನಕ್ಕೆ ಬಾಡಿಗೆಗೆ ಕೊಡ್ತಾರೆ. ಪ್ರತಿಯೊಬ್ರಿಗೂ ತಮ್ದೇ ಒಂದು ಮಿಷಿನ್ ಇದ್ದಂಗೆ ಇರತ್ತೆ. ಅದು ವರ್ಚುಯಲ್. ಡೆಡಿಕೇಟೆಡ್ ಅಂದ್ರೆ ಇಡೀ ಮಿಷಿನ್ ನಿಮ್ಮೊಬ್ರಿಗೇ. ಬಾಡಿಗೆ ಜಾಸ್ತಿ. ನಮಗೆ ವರ್ಚುಯಲ್ ಧಾರಾಳ ಸಾಕು."

"ಅಂದ್ರೆ ವಠಾರ ಅನ್ನು."

"ವಠಾರ ಅಲ್ಲ ದೊಡ್ಡಪ್ಪ. ಅಪಾರ್ಟ್‌ಮೆಂಟ್ ಅನ್ಕೊಳ್ಳಿ."

"ಅಪಾರ್ಟ್‌ಮೆಂಟ್ ಅಂದ್ರೆ ಲಿಫ್ಟ್ ಇರೋ ವಠಾರ ಕಣಮ್ಮ."

ಆಕೆ ನಕ್ಕಳು, ನಾನು ನಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ರಾಜಾಜಿನಗರದ ವಠಾರದಲ್ಲಿ. ಸಾಲುಮನೆಗಳಿಗೆಲ್ಲ ಒಂದೇ ನಲ್ಲಿ, ಒಂದೇ ಕಕ್ಕಸು. ಪಕ್ಕದ ಮನೆಯಾಕೆ ಗ್ರೈಂಡರ್ ಹಾಕಿದರೆ ನಮ್ಮ ಮನೆಯ ಬಲ್ಬು ಮಂಕಾಗುತ್ತಿತ್ತು. ಆ ಮಂಕು ಬೆಳಕಿನಲ್ಲಿ ಓದಿಯೇ ನಾನು ಎರಡನೇ ದರ್ಜೆಯಲ್ಲಿ ಪಾಸಾದೆ ಎಂಬುದು ನನ್ನ ವಾದ. ನನ್ನ ತಮ್ಮ ಅದೇ ಬೆಳಕಿನಲ್ಲಿ ಓದಿ ಮೊದಲ ದರ್ಜೆ ತೆಗೆದ, ಆ ಮಾತನ್ನು ನಾನು ಎತ್ತುವುದಿಲ್ಲ. ಒಟ್ಟಿನಲ್ಲಿ ಹಂಚಿಕೊಳ್ಳುವುದೆಂದರೆ ನನಗೆ ಆಗದು. ಬೆಂಗಳೂರಿನಲ್ಲಿ ಬೈಟು ಕಾಫಿ ಕುಡಿಯದ ಏಕೈಕ ಮನುಷ್ಯ ನಾನೇ ಇರಬೇಕು.

"ಕೇಳೋದು ಮೂವತ್ತು ನಲವತ್ತು ಹೆಂಗಸ್ರು ದೊಡ್ಡಪ್ಪ, ಇಡೀ ಕರ್ನಾಟಕ ಅಲ್ಲ" ಎಂದಳು ಹುಡುಗಿ.

"ನಾಳೆ ಬೆಳೆಯಲ್ವಾ?"

"ಬೆಳೆದ್ರೆ ಆಗ ದೊಡ್ಡದು ಮಾಡ್ಕೊಳ್ಳೋಣ. ವರ್ಚುಯಲ್‌ನಲ್ಲಿ ಅದೊಂದು ಗಳಿಗೆ ಕೆಲಸ."

ಆಗ ಮಾಡಿಕೊಳ್ಳುವುದು! ನಮ್ಮ ಕಡೆ ಹಾಗೆ ಯಾರಾದರೂ ಮಾಡುತ್ತಾರೆಯೇ? ಒಂದು ಅಂತಸ್ತಿಗೆ ಕಾಸಿದ್ದರೆ ಮೂರು ಅಂತಸ್ತಿಗೆ ಪಾಯ ಹಾಕುವ ಜನ ನಾವು. ನಮ್ಮ ಮನೆಯ ತಾರಸಿಯ ಮೇಲೂ ಮುಂದಿನ ಅಂತಸ್ತಿಗೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿದು ನಿಂತಿವೆ. ನನ್ನ ಹೆಂಡತಿ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. ಆ ಕಂಬಿಗಳನ್ನು ಕಂಡಾಗಲೆಲ್ಲ ನನಗೆ ನಾನೊಬ್ಬ ಮುಂದಾಲೋಚನೆಯ ಮನುಷ್ಯ ಎನ್ನಿಸುತ್ತದೆ. ಅವಳಿಗೆ ಏನನ್ನಿಸುತ್ತದೋ ನಾನು ಕೇಳಿಲ್ಲ. ಸರ್ವರ್ ಬಗ್ಗೆ ಕೇಳಿದ್ದಕ್ಕೆ ಅವಳು, "ಹಾಡು ಕೇಳಿಸಿದ್ರೆ ಸಾಕು, ನೀವು ಎಲ್ಲಾದ್ರೂ ಇಡಿ ಮಾರಾಯ್ರೆ" ಎಂದಿದ್ದಳು.

ನಾನು ಡೆಡಿಕೇಟೆಡ್ ಎಂದು ತೀರ್ಮಾನಿಸಿದೆ. ಅದೂ ಎಲ್ಲೋ ಮುಂಬಯಿಯಲ್ಲೋ ಸಿಂಗಪುರದಲ್ಲೋ ಇರುವುದಲ್ಲ, ಕಣ್ಣಾರೆ ನೋಡುವಂಥದ್ದು. ನಾನು ಕೆಲಸ ಮಾಡಿದ್ದು ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ. ಸರಕನ್ನು ಮುಟ್ಟಿ ನೋಡದೆ ಸಹಿ ಹಾಕಿದವನಲ್ಲ. ಹುಡುಕಿ ಹುಡುಕಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಬೇರಿಂಗ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಒಂದು ಸಣ್ಣ ಹೋಸ್ಟಿಂಗ್ ಕಂಪನಿಯನ್ನು ಪತ್ತೆಮಾಡಿದೆ. ಅಲ್ಲಿನ ಮ್ಯಾನೇಜರ್ ಒಬ್ಬ ಹೆಣ್ಣುಮಗಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗಿನ ಏಸಿಗೆ ಸ್ವೆಟರ್ ಹಾಕಿಕೊಂಡಿದ್ದಳು.

"ಸರ್ವರ್ ನೋಡೋಕೆ ಅಂತ ಯಾರೂ ಬರಲ್ಲ ಸಾರ್" ಎಂದಳು. ಆದರೂ ಒಳಗೆ ಕರೆದುಕೊಂಡು ಹೋದಳು. ಗಾಡ್ರೇಜು ಬೀರುವಿನಷ್ಟಾದರೂ ಇರುತ್ತದೆಂದು ನಾನು ಎಣಿಸಿದ್ದೆ. ನೋಡಿದರೆ ಚಪ್ಪಟೆ ಡ್ರಾಯರಿನ ಹಾಗೆ, ಅಲ್ಲಿದ್ದ ಕಬ್ಬಿಣದ ಬೀರುವಿನ ಒಂದು ಖಾನೆಯಲ್ಲಿ ಸಿಕ್ಕಿಸಿದ್ದರು. ಪಕ್ಕದ ದೊಡ್ಡ ಡಬ್ಬ ತೋರಿಸಿ, ಇದರಲ್ಲಿ ಯಾರಿದ್ದಾರೆ ಎಂದೆ. "ಅದು ವರ್ಚುಯಲ್‌ದು ಸಾರ್. ಒಂದು ಸೀರೆ ಅಂಗಡಿ, ಒಂದು ಟ್ರಾವೆಲ್ಸ್, ಟ್ಯೂಷನ್ ಸೆಂಟರ್ ಒಂದು, ಹಿಂಗೆ ತುಂಬ ಜನ ಇದಾರೆ" ಎಂದಳು. ನನಗೆ ನಲ್ಲಿಯ ಮುಂದಿನ ಕೊಡಗಳ ಸಾಲು ನೆನಪಾಯಿತು. ನಮ್ಮದರ ಮೇಲೆ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾನೊಂದು ಷರತ್ತು ಸೇರಿಸಿದೆ. ನಾನು ಖುದ್ದಾಗಿ ಬಂದು ಸಹಿ ಮಾಡದ ಹೊರತು, ಯಾರೇ ಫೋನು ಮಾಡಲಿ, ನನ್ನ ಹೆಸರು ಹೇಳಿಕೊಂಡು ಸಾಕ್ಷಾತ್ ನಾನೇ ಮಾಡಲಿ, ಆ ಮಿಷಿನ್ ಮುಟ್ಟತಕ್ಕದ್ದಲ್ಲ. ಸ್ಟೋರ್ಸಿನಲ್ಲಿ ನನ್ನ ನಿಯಮ ಹಾಗೇ ಇತ್ತು. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಆಯ್ತು ಸಾರ್, ನಿಮ್ ಮಿಷಿನ್, ನೀವು ಹೇಳಿದಂಗೆ" ಎಂದಳು. ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಕೆಳಗಿಳಿದವನು ದರ್ಶಿನಿಗೆ ಹೋಗಿ ಒಂದು ಪೂರ್ತಿ ಕಾಫಿ ಕುಡಿದೆ.

ಈಗ ಯೋಚಿಸಿದರೆ ಅರ್ಥವಾಗುತ್ತದೆ. ಅವಳ ಗಂಟಲಿಗೆ ನಾನು ಏನೂ ಮಾಡುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಬಿಲ್ಲಿನ ಹೊತ್ತಿಗೆ ಮಾತ್ರ ಕರೆಯುತ್ತಿದ್ದರು. ನನಗೆ ಭಯವಾಗಿತ್ತು. ಭಯವಾದಾಗ ನಾನು ಏನಾದರೊಂದು ಸಾಮಾನಿಗೆ ಜೋತುಬೀಳುವವನು. ಕೈಲಾಗದವನು ಮೈಯೆಲ್ಲ ಪರಚಿಕೊಂಡನಂತೆ, ನಾನು ಸರ್ವರ್ ಪರಚಿದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ದನಿ ಮಾತ್ರ ಬರಲಿಲ್ಲ. ಊದಿಕೊಂಡಿದೆ, ಇಳಿಯಲಿ ಎಂದರು. ಇಳಿಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು, "ಇನ್ನು ನೀವು ಮಾತಾಡ್ಬೇಕಮ್ಮ, ಆಡ್ತಾ ಆಡ್ತಾನೇ ಸರಿ ಹೋಗೋದು. ಮೊದ್ಲಿನ ಥರಾನೇ ಬರತ್ತೆ ಅಂತ ಮಾತು ಕೊಡಲ್ಲ. ಆದ್ರೆ ಆಡ್ದೇ ಇದ್ರೆ ಬರೋದೇ ಇಲ್ಲ" ಎಂದರು. ಅವಳು ತಲೆಯಾಡಿಸಿದಳು. ಮನೆಗೆ ಬಂದು ಮತ್ತೆ ಬಾಯಿ ಮುಚ್ಚಿಕೊಂಡಳು. ತೀರಾ ಬೇಕಾದಾಗ ನನ್ನ ಕಿವಿಯ ಹತ್ತಿರ ಬಂದು ಉಸಿರಲ್ಲೇ ಪಿಸುಗುಟ್ಟುತ್ತಿದ್ದಳು, ಇಲ್ಲವಾದರೆ ಲೋಟದ ಮೇಲೆ ಚಮಚ ಕುಟ್ಟಿ ಕರೆಯುತ್ತಿದ್ದಳು. ಹೆದರಿದ್ದಳು. ಬಾಯಿಬಿಟ್ಟರೆ ಏನು ಹೊರಬರುತ್ತದೋ ಎಂದು ಹೆದರಿದ್ದಳು. ಬಿಡದಿದ್ದರೆ ಹಳೆಯ ದನಿ ಒಳಗೆ ಎಲ್ಲೋ ಭದ್ರವಾಗಿದೆ ಎಂದುಕೊಳ್ಳಬಹುದಿತ್ತಲ್ಲ. ನಾನೂ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೇಳಲು ಧೈರ್ಯ ಇರಲಿಲ್ಲ. "ಯೋಚ್ನೆ ಮಾಡ್ಬೇಡ, ಎಲ್ಲಾ ಸರ್ವರ್‌ನಲ್ಲಿದೆ" ಎನ್ನುತ್ತಿದ್ದೆ. ದೇವರಿದ್ದಾನೆ ಎನ್ನುವ ಧಾಟಿಯಲ್ಲಿ.

ಅಷ್ಟರಲ್ಲಿ ನವರಾತ್ರಿ ಬಂತು. ಗೊಂಬೆ ಕೂರಿಸಿದಳು. ದಿನಾ ಸಂಜೆ ಗಂಟೆ ಬಾರಿಸಿ, ಹಾಡಿಲ್ಲದೆ ಆರತಿ ಎತ್ತುತ್ತಿದ್ದಳು. ಹಾಡಿಲ್ಲದ ಗೊಂಬೆ ಆರತಿಯನ್ನು ನಾನು ನಮ್ಮ ಮದುವೆಯಾದ ಮೇಲೆ ನೋಡಿರಲಿಲ್ಲ. ಶಿಷ್ಯೆಯರೆಲ್ಲ ಮಹಾನವಮಿಯ ಸಂಜೆ ಒಟ್ಟಿಗೆ ಅರಿಶಿನ ಕುಂಕುಮಕ್ಕೆ ಬರುವುದೆಂದು ಮಾತಾಗಿತ್ತು.

ಮಹಾನವಮಿ ಎಂದರೆ ಆಯುಧಪೂಜೆ. ಕಾರ್ಖಾನೆಯಲ್ಲಿದ್ದಾಗ ಅದು ನನ್ನ ಹಬ್ಬ. ಲೇತು, ಡ್ರಿಲ್ಲು, ತಕ್ಕಡಿ, ಎಲ್ಲವನ್ನೂ ತೊಳೆದು ಕುಂಕುಮವಿಟ್ಟು, ಆಫ್ ಮಾಡಿ, ವಿಜಯದಶಮಿಯವರೆಗೆ ಒಬ್ಬರೂ ಮುಟ್ಟದ ಹಾಗೆ ನಾನೇ ಬೀಗ ಹಾಕುತ್ತಿದ್ದೆ. ವರ್ಷವಿಡೀ ದುಡಿದ ಆಯುಧಕ್ಕೆ ಒಂದು ದಿನ ವಿಶ್ರಾಂತಿ, ಅದು ಪದ್ಧತಿ. ಮನೆಯಲ್ಲೂ ಹಾಗೇ. ಹಾರ್ಮೋನಿಯಂ, ತಂಬೂರಿ, ವಿದ್ಯುತ್ತಿನ ಶ್ರುತಿಪೆಟ್ಟಿಗೆ ಎಲ್ಲವನ್ನೂ ಅವಳು ಬೆಳಿಗ್ಗೆಯೇ ದೇವರ ಮುಂದಿಟ್ಟಿದ್ದಳು. ನನ್ನ ಸ್ಕೂಟರಿಗೆ ಪೂಜೆಯಾಯಿತು. ಮಿಕ್ಸಿಗೂ ಒಂದು ಬೊಟ್ಟು ಬಿತ್ತು. ನನಗೆ ಥಟ್ಟನೆ ನೆನಪಾಯಿತು. ನಮ್ಮ ಆಯುಧಗಳಲ್ಲೆಲ್ಲ ದೊಡ್ಡದು ಅಲ್ಲಿ ಕೈಗಾರಿಕಾ ಪ್ರದೇಶದಲ್ಲಿ ಒಂಟಿಯಾಗಿ ಕೂತಿದೆ!

ಸ್ಕೂಟರಿಗೆ ಬಾಳೆಕಂದು ಕಟ್ಟುತ್ತಿದ್ದಾಗ ಅವಳು ಬಂದು ನನ್ನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ನಾನು ಹೂಂ ಹೂಂ ಎಂದೆ. ಚೆಂಡುಹೂವಿನ ಹಾರ ಎಲ್ಲಿಟ್ಟೆ ಎಂಬ ಗಡಿಬಿಡಿಯಲ್ಲಿದ್ದೆ. ಮತ್ತೊಮ್ಮೆ ಪಿಸುಗುಟ್ಟಿದಳು. ಆಯ್ತು ಮಾರಾಯ್ತಿ, ಆಯ್ತು ಎಂದು ಸ್ಕೂಟರ್ ಒದ್ದೆ.

ದಾರಿಯುದ್ದಕ್ಕೂ ಒಡೆದ ಬೂದುಗುಂಬಳಗಳನ್ನು ತಪ್ಪಿಸಿಕೊಂಡು ಹೋಗುವುದೇ ಸಾಹಸ. ಕಂಪನಿಯಲ್ಲಿ ಆಗಲೇ ಪೂಜೆ ಮುಗಿದು ಕಡಲೆಪುರಿ, ಬೂಂದಿ ಹಂಚುತ್ತಿದ್ದರು. ಮ್ಯಾನೇಜರ್ ಹೆಣ್ಣುಮಗಳು ಅಂದು ಸ್ವೆಟರಿನ ಕೆಳಗೆ ರೇಷ್ಮೆ ಸೀರೆ ಉಟ್ಟಿದ್ದಳು. ನನ್ನ ಕೈಯಲ್ಲಿದ್ದ ಹಾರ, ನಿಂಬೆಹಣ್ಣು, ಕುಂಕುಮದ ಭರಣಿ ನೋಡಿ, "ಸಾರ್, ಒಳಗೆ ಪುಡಿಗಿಡಿ ತರಂಗಿಲ್ಲ, ಫ್ಯಾನಿಗೆ ಹೋಗತ್ತೆ. ಬಾಗ್ಲಿಗೇ ಹಚ್ಚಿದೀವಲ್ಲ" ಎಂದಳು. ನನ್ನ ಮಿಷಿನ್ ಎಂದೆ. ಅವಳು ಉಸಿರುಬಿಟ್ಟು, ಒಂದೇ ಒಂದು ಹಸಿ ಬೊಟ್ಟು ಎಂದು ಒಪ್ಪಿದಳು. ಇಟ್ಟೆ. ನೋಡಿದರೆ ಅದರ ಹಸಿರು ದೀಪ ಮಿಣಿಮಿಣಿ ಎನ್ನುತ್ತಲೇ ಇತ್ತು.

"ಇದೇನ್ರೀ, ಪೂಜೆ ಮಾಡಿ ಓಡಿಸ್ತಾನೇ ಇದೀರಲ್ಲ! ಆಯುಧಕ್ಕೆ ಒಂದು ದಿನ ರೆಸ್ಟ್ ಬೇಡ್ವೇನ್ರೀ?"

"ಸಾರ್, ಸರ್ವರ್ ಆಫ್ ಮಾಡಕ್ಕಾಗತ್ತಾ? ಆ ಪಕ್ಕದ್ದು ನೋಡಿ, ಅದರಲ್ಲಿ ಎಷ್ಟೊಂದು ಜನ ಇದಾರೆ. ಒಬ್ರು ಹೇಳಿದ್ರು ಅಂತ ಆರಿಸಿದ್ರೆ ಮಿಕ್ಕಿದೋರು ಬಂದು ನನ್ನ ಆರಿಸ್ತಾರೆ."

"ಅದು ವಠಾರ. ನಂದು ಸ್ವಂತ ಅಲ್ವಾ? ನೀವೇ ಹೇಳಿದ್ರಿ, ನಿಮ್ ಮಿಷಿನ್, ನೀವು ಹೇಳಿದಂಗೆ ಅಂತ."

ಅವಳು ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟಳು. "ನಾಳೆ ಬೆಳಿಗ್ಗೆ ತನಕ ನಿಮ್ ಸೈಟ್ ಬರಲ್ಲ ಸಾರ್. ಪರವಾಗಿಲ್ವಾ?"

"ಇವತ್ತು ಯಾರ್ರೀ ಹಾಡು ಕಲಿಯೋರು? ಮನೇಲಿ ಹಾರ್ಮೋನಿಯಮ್ಮೇ ದೇವ್ರ ಮುಂದಿದೆ."

ಸಹಿ ಹಾಕಿದೆ. ಹಸಿರು ದೀಪ ಆರಿತು. ಆ ಸಾಲಿನಲ್ಲಿ ನಮ್ಮದೊಂದೇ ಶಾಂತವಾಗಿ, ಹಣೆಗೆ ಬೊಟ್ಟಿಟ್ಟುಕೊಂಡು ಮಲಗಿತ್ತು. ಸೀರೆ ಅಂಗಡಿ, ಟ್ರಾವೆಲ್ಸ್ ಎಲ್ಲ ಹಬ್ಬದ ದಿನವೂ ಗೇಯುತ್ತಿದ್ದವು, ಪಾಪ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಹಿಡಿದಾಗ ಅವನಿಗೆ ಎಷ್ಟು ಸುಖವಾಗಿರುತ್ತದೆಂಬುದು ನನಗೆ ಗೊತ್ತು. ಕಡಲೆಪುರಿಯ ಪೊಟ್ಟಣ ಹಿಡಿದು ಮನೆಗೆ ಬಂದೆ.

ಸಂಜೆ ಹೆಂಗಸರು ಬಂದರು. ವಿಜಯನಗರದವರು, ಚಂದ್ರಾ ಲೇಔಟಿನವರು, ಮೆಟ್ರೊ ಹಿಡಿದು ಹೊಸಹಳ್ಳಿಯಲ್ಲಿಳಿದು ಆಟೋ ಮಾಡಿಕೊಂಡು ಬಂದವರು. ಕೂರಲು ಜಾಗ ಸಾಲದೆ ಅರ್ಧ ಜನ ಜಗಲಿಯಲ್ಲಿ ನಿಂತರು. ಯಾರೂ ಅವಳ ಗಂಟಲಿನ ಮಾತು ಎತ್ತಲಿಲ್ಲ. ಎಲ್ಲರೂ ಗೊಂಬೆಗಳನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದರು. ಆರತಿಗೆ ಹೊತ್ತಾದಾಗ ಅವಳು ತಟ್ಟೆ ಹಿಡಿದು ನಿಂತು ನನ್ನ ಕಡೆ ನೋಡಿ, ಗೋಡೆಯ ಟಿವಿಯ ಕಡೆ ಕಣ್ಣು ಹಾಯಿಸಿದಳು.

ನನಗೆ ಅರ್ಥವಾಗಲಿಲ್ಲ. ಕುರುಬರಹಳ್ಳಿಯ ಹಿರಿಯ ಆಂಟಿಯೊಬ್ಬರು, ಅವಳ ಶಿಷ್ಯೆಯರಲ್ಲೆಲ್ಲ ದೊಡ್ಡ ಗಂಟಲಿನವರು, ಅರ್ಥ ಮಾಡಿಸಿದರು. "ಮೇಡಂ ಬೆಳಿಗ್ಗೇನೇ ಹೇಳಿದ್ರಂತಲ್ಲ ಸಾರ್ ನಿಮಗೆ. ಆರತಿ ಹಾಡು ಸೈಟ್‌ನಿಂದ ಟಿವೀಲಿ ಹಾಕ್ಬೇಕು, ಇವತ್ತು ಎಲ್ಲರೂ ಬಂದಿರೋವಾಗ ಅವರ ದನಿ ಮನೇಲಿ ಕೇಳ್ಬೇಕು ಅಂತ ಆಸೆ ಪಟ್ಟಿದಾರೆ. ನನಗೂ ಮೆಸೇಜ್ ಹಾಕಿದ್ರು."

ಅಯ್ಯೋ ಶಿವನೇ. ಬೆಳಿಗ್ಗೆ ಕಿವಿಯಲ್ಲಿ ಹೇಳಿದ್ದು ಅದು.

ಒಂದು ನಿಮಿಷ ಎಂದು ಹಿತ್ತಲಿಗೆ ಓಡಿದೆ. ಕಂಪನಿಗೆ ಫೋನು ಮಾಡಿದೆ. ಯಾರೋ ಗಂಡಸು ಮನೆಯಿಂದ ಎತ್ತಿಕೊಂಡ, ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಸರ್ವರ್ ಹಾಕಿ ಎಂದೆ. "ಸಾರ್, ನಿಮ್ ಒಪ್ಪಂದದಲ್ಲಿ ಫೋನ್ ಮೇಲೆ ಮುಟ್ಟಬಾರದು ಅಂತಿದೆ. ಖುದ್ದು ಬಂದು ಸೈನ್ ಮಾಡ್ಬೇಕು."

"ರೀ, ನಾನೇ ಕಣ್ರೀ ಮಾತಾಡ್ತಿರೋದು!"

"ನಾನೇ ಅಂತ ಹೇಳಿದ್ರೂ ಮುಟ್ಟಬಾರದು ಅಂತಾನೇ ಇದೆ ಸಾರ್. ನೀವೇ ಬರೆಸಿರೋದು. ಈಗ ಬರ್ತೀನಿ ಅಂದ್ರೂ ಆಫೀಸಿಗೆ ಬೀಗ ಹಾಕಿದೆ, ಬೆಳಿಗ್ಗೆ ತೆಗೀತೀವಿ."

ಹುಡುಗಿಗೆ ಮಾಡಿದೆ. ಹಬ್ಬಕ್ಕೆ ಮೈಸೂರಿಗೆ ಅತ್ತೆಯ ಮನೆಗೆ ಹೋಗಿದ್ದಳು. ಹಾಡುಗಳ ಇನ್ನೊಂದು ಪ್ರತಿ ಇದ್ದದ್ದು ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ. "ದೊಡ್ಡಪ್ಪ, ಲ್ಯಾಪ್‌ಟಾಪ್ ದೇವ್ರ ಮುಂದೆ ಇದೆ. ಮೇಲೆ ಒಂದು ರಾಶಿ ಹೂವು" ಎಂದಳು ಮೆಲ್ಲಗೆ. ಅತ್ತೆಯವರಿಗೆ ಫೋನು ಕೊಡಿಸಿ, ಒಂದೈದು ನಿಮಿಷ ತೆಗೆಯಲು ಬಿಡಿ ಎಂದು ಬೇಡಿಕೊಂಡೆ. "ತಿಳಿದೋರು ನೀವು ಹಿಂಗೆ ಕೇಳ್ಬಹುದೇ? ಇವತ್ತೊಂದು ದಿನ ಆಯುಧಕ್ಕೆ ವಿಶ್ರಾಂತಿ ಅಲ್ವೇ?" ಎಂದರು. ಆ ಮಾತಿಗೆ ಎದುರು ಹೇಳುವ ಯೋಗ್ಯತೆ ನನಗೆಲ್ಲಿತ್ತು? ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದೆ.

ಅಷ್ಟು ಜನ ಹೆಂಗಸರ ಎದುರು ನಾನು, "ಸರ್ವರ್ ಪೂಜೆಗಿಟ್ಟಿದೀನಿ" ಎಂದೆ. ಒಬ್ಬಾಕೆ ಕಿಸಕ್ಕೆಂದರು. ನನ್ನ ಹೆಂಡತಿ ನಗಲಿಲ್ಲ. ತಟ್ಟೆಯಲ್ಲಿ ಬತ್ತಿ ಉರಿಯುತ್ತಿತ್ತು. ಅವಳ ಮುಖ ನೋಡಿ, ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಅವಳು ಕೋಪಗೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆರತಿ ತಡವಾಗುತ್ತಿದೆಯೆಂದು ಕುರುಬರಹಳ್ಳಿಯ ಆಂಟಿ, "ನಾವೇ ಹೇಳೋಣ ಬನ್ರೇ" ಎಂದು ಶುರುಮಾಡಿದರು. ಶ್ರುತಿಪೆಟ್ಟಿಗೆ ದೇವರ ಮುಂದಿತ್ತು, ಹಿಡಿದದ್ದೇ ಶ್ರುತಿ. ಮೊದಲ ಸಾಲು ಹೇಗೋ ಸಾಗಿತು. ಎರಡನೆಯ ಸಾಲಿನಲ್ಲಿ ಆ ಆಂಟಿ ಯಾವಾಗಲೂ ಮಾಡುವ ತಪ್ಪನ್ನೇ ಮಾಡಿದರು. ದನಿ ಇಳಿದು ನಿಲ್ಲಬೇಕಾದ ಕಡೆ ಮೇಲಕ್ಕೆ ಹತ್ತಿ, ಬೀಗರ ಹಾಡಿನ ಧಾಟಿಗೆ ಜಾರಿಬಿಟ್ಟರು. ದೊಡ್ಡ ಗಂಟಲು ನೋಡಿ, ಮಿಕ್ಕವರೂ ಹಿಂದೆಯೇ ಹೊರಟರು. ದೇವಿಗೆ ಎತ್ತಿದ ಆರತಿ ಬೀಗಿತ್ತಿಯನ್ನು ಆಡಿಕೊಳ್ಳುವ ಹಾಗೆ ಕೇಳಿಸತೊಡಗಿತು. ನನ್ನ ಹೆಂಡತಿ ಕೈ ಎತ್ತಿದಳು, ಯಾರೂ ನೋಡಲಿಲ್ಲ. ತಲೆ ಆಡಿಸಿದಳು. ತಟ್ಟೆಯ ಅಂಚಿಗೆ ಉಂಗುರದಿಂದ ಕುಟ್ಟಿದಳು. ಹಾಡು ಇನ್ನೂ ಉತ್ಸಾಹದಿಂದ ಬೀಗರ ಮನೆಯತ್ತ ಹೋಯಿತು.

"ಅಲ್ಲ!"

ಯಾರು ಹೇಳಿದರೆಂದು ಎಲ್ಲರೂ ತಿರುಗಿ ನೋಡಿದರು. ನೀರು ನಿಂತುಹೋದ ನಲ್ಲಿ ತಿರುಗಿಸಿದರೆ ಮೊದಲು ಗೊರಗೊರ ಎಂದು ಗಾಳಿ ಬರುತ್ತದಲ್ಲ, ಅಂಥ ದನಿ. ಅವಳಿಗೇ ಗಾಬರಿಯಾಗಿ ಕೈ ಗಂಟಲಿಗೆ ಹೋಯಿತು. ಅವಳು ಇನ್ನು ಒಳಗೆ ಓಡಿಹೋಗುತ್ತಾಳೆ ಎಂದುಕೊಂಡೆ. ಓಡಲಿಲ್ಲ. ತಪ್ಪು ಹಾಡಿದ್ದನ್ನು ಹಾಗೇ ಬಿಟ್ಟು ಹೋಗುವುದು ಅವಳ ಜಾಯಮಾನದಲ್ಲೇ ಇಲ್ಲ. ಕಣ್ಣು ಮುಚ್ಚಿ ಆ ಎರಡನೆಯ ಸಾಲನ್ನು ತಾನೇ ಹೇಳಿದಳು.

ಹಳೆಯ ದನಿಯಲ್ಲ. ಅದರ ಗುರುತೂ ಇರಲಿಲ್ಲ. ತಗ್ಗಾದ, ಒರಟಾದ, ನಡುನಡುವೆ ತುಂಡಾಗುವ ದನಿ. ಒಂದು ಕಡೆ ಬರೀ ಉಸಿರು ಬಂತು. ಆದರೆ ಇಳಿದು ನಿಲ್ಲಬೇಕಾದ ಕಡೆ ಸರಿಯಾಗಿ ಇಳಿದು ನಿಂತಿತು. ನಿಂತ ಮೇಲೆ ಅವಳು ಕಣ್ಣು ಬಿಟ್ಟು, ಎಂದಿನ ಪಾಠದ ಹಾಗೆ, ಈಗ ನೀವು ಹೇಳಿ ಎಂದು ಗಲ್ಲ ಎತ್ತಿದಳು. ಹೆಂಗಸರು ಹೇಳಿದರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ, ಅಷ್ಟೂ ಜನ ತಮ್ಮ ಶ್ರುತಿ ಇಳಿಸಿ, ಅವಳ ಹೊಸ ದನಿಗೆ ಹೊಂದಿಕೊಂಡು ಹೇಳಿದರು. ಆ ದೊಡ್ಡ ಗಂಟಲಿನ ಆಂಟಿ ಅಷ್ಟು ಕೆಳಗೆ ಹಾಡಲಾರದೆ ತಡವರಿಸುತ್ತ, ಅಳುತ್ತ ಹಾಡುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಅತ್ತೆ. ಅಳುವಿಗೆ ನಾಚಿಕೆಪಡುವ ಸ್ಥಿತಿಯನ್ನು ನಾನು ಆಗಲೇ ದಾಟಿದ್ದೆ.

ಎಲ್ಲರೂ ಹೋದ ಮೇಲೆ ಅವಳು ದೇವರ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಅವಳೂ ಅಳುತ್ತಿದ್ದಳು. ಹೋದದ್ದು ಹೋಯಿತು ಎಂದು ಅವಳಿಗೆ ಅಂದು ಖಚಿತವಾಗಿತ್ತು. ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತೆ. "ನಾಳೆ ಬೆಳಿಗ್ಗೇನೇ ಹೋಗಿ ಸರ್ವರ್ ಹಾಕಿಸ್ತೀನಿ. ಇನ್ಮೇಲೆ ಎಂದೂ ಆರಿಸಲ್ಲ" ಎಂದೆ. ಅವಳು ಮೂಗು ಒರೆಸಿಕೊಂಡು, ಪಿಸುಗುಟ್ಟುತ್ತಲೇ, "ಅದರಲ್ಲಿರೋಳು ಹಾಡ್ತಾಳೆ ಚೆನ್ನಾಗಿ. ಆದ್ರೆ ಆ ಆಂಟಿ ತಪ್ಪು ಹೋದ್ರೆ ಅವಳು ತನ್ ಪಾಡಿಗೆ ಹಾಡ್ಕೊಂಡು ಹೋಗ್ತಾಳಲ್ರೀ" ಎಂದಳು.

ಆ ಡೆಡಿಕೇಟೆಡ್ ಮಿಷಿನ್ನಿನ ಬಾಡಿಗೆ ಅವಧಿ ಮುಗಿದ ಮೇಲೆ ಹುಡುಗಿ ಹಾಡುಗಳನ್ನೆಲ್ಲ ವರ್ಚುಯಲ್‌ಗೆ ಸಾಗಿಸಿದಳು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಈಗ ನಮ್ಮ ಹಾಡುಗಳು ಯಾವುದೋ ಸೀರೆ ಅಂಗಡಿಯ ಮಗ್ಗುಲಲ್ಲಿ ಸುಖವಾಗಿವೆ. ಹೆಂಗಸರು ಮನೆಯಲ್ಲಿ ಅಭ್ಯಾಸಕ್ಕೆ ಅದನ್ನು ಕೇಳುತ್ತಾರೆ, ಮಧ್ಯಾಹ್ನ ತಿದ್ದಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ನನಗೆ ಮತ್ತೆ ಕೂರಲು ಜಾಗವಿಲ್ಲ.

ಆದರೆ ನನಗೆ ನೆನಪಿರುವುದು ವಿಜಯದಶಮಿಯ ಆ ಬೆಳಿಗ್ಗೆ. ಬೇಗ ಎದ್ದು, ಕಂಪನಿಯ ಬೀಗ ತೆಗೆಯುವ ಹೊತ್ತಿಗೆ ಅಲ್ಲಿರಬೇಕೆಂದು ಜಗಲಿಯಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದೆ. "ರೀ" ಎಂದು ಯಾರೋ ಕರೆದರು. ಒರಟು ದನಿ. ಬೆಳಿಗ್ಗೆ ಬೆಳಿಗ್ಗೆ ಯಾರಪ್ಪಾ ಎಂದು ಎದ್ದು ಹೋಗಿ ಗೇಟು ತೆಗೆದೆ. ಯಾರೂ ಇರಲಿಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಹಾಲಿನವನೂ ಇರಲಿಲ್ಲ.

"ರೀ, ಅಲ್ಲೆಲ್ಲಿ ಹುಡುಕ್ತೀರಿ? ಕಾಫಿ ಆರೋಗ್ತಾ ಇದೆ" ಎಂದಿತು ಆ ದನಿ, ಮನೆಯೊಳಗಿಂದ.

ಬಂದೆ ಎನ್ನಬೇಕೆಂದು ಬಾಯಿ ತೆರೆದೆ. ನನಗೇ ದನಿ ಹೊರಡಲಿಲ್ಲ.